ಮೈದಾನದಲ್ಲಿ ಒದೆ ತಿಂದು ಬಂದ ಮಗನಿಗೆ ಏನು ಹೇಳೋಣ?

ಪಂದ್ಯ ಮುಗಿಸಿ ಮನೆಗೆ ಬಂದ ಹನ್ನೆರಡರ ಹರೆಯದ ಹುಡುಗ ಕಾಲುಚೀಲ ಕೆಳಗಿಳಿಸಿದಾಗ, ಮೊಣಕಾಲಿನ ಕೆಳಗೆ ಎದುರಾಳಿಯ ಬೂಟಿನ ಗುರುತು ನೀಲಿಗಟ್ಟಿರುವುದು ಕಾಣಿಸುತ್ತದೆ. ನಮ್ಮ ಹೆಚ್ಚಿನ ಮನೆಗಳಲ್ಲಿ ಆ ಕ್ಷಣ ಎರಡೇ ಮಾತುಗಳು ಹುಟ್ಟುತ್ತವೆ. "ನಾಳೆಯಿಂದ ಈ ಆಟ ಬೇಡ, ಪುಸ್ತಕ ಹಿಡಿದು ಕೂತುಕೋ" ಎಂಬುದು ತಾಯಿಯ ಮಾತು. "ಅವನು ಒದೆಯುವಾಗ ನೀನು ಕೈಕಟ್ಟಿ ನಿಂತಿದ್ದೆಯಾ?" ಎಂಬುದು ತಂದೆಯದ್ದು. ಎರಡರ ಹಿಂದೆಯೂ ಇರುವುದು ವಾತ್ಸಲ್ಯವೇ. ಆದರೆ ಮೊದಲನೆಯದು, ಕಷ್ಟ ಎದುರಾದ ಕಡೆಯಿಂದ ಎದ್ದು ಬರುವುದನ್ನು ಮಗುವಿಗೆ ಕಲಿಸುತ್ತದೆ. ಎರಡನೆಯದು, ಮುಂದಿನ ಪಂದ್ಯದಲ್ಲಿ ಯಾರನ್ನು ಒದೆಯಬೇಕೆಂಬ ಲೆಕ್ಕದೊಂದಿಗೆ ಆತನನ್ನು ಮಲಗಿಸುತ್ತದೆ. ಈ ಎರಡರ ನಡುವೆ ಹೇಳಬೇಕಾದ ಮಾತುಗಳು ಸಾಕಷ್ಟಿವೆ. ಅವುಗಳನ್ನು ಕೋಚ್‌ನ ಪಾಲಿಗೆ ಬಿಟ್ಟು ನಾವು ಸುಮ್ಮನಿರುವುದು ಸರಿಯಲ್ಲ.

ಇಂದು ಫುಟ್‌ಬಾಲ್ ನಮ್ಮ ಮಕ್ಕಳ ಬದುಕಿನ ದೊಡ್ಡ ಭಾಗವಾಗಿದೆ. ಮಂಗಳೂರಿನ ನೆಹರೂ ಮೈದಾನದಿಂದ ಬೆಂಗಳೂರಿನ ಆಸ್ಟಿನ್ ಟೌನ್‌ವರೆಗೆ ಈ ಆಟಕ್ಕೆ ಹಳೆಯ ನಂಟಿದೆ. ಈಗ ಕರಾವಳಿಯ ಊರುಗಳಲ್ಲಿ ಹಸಿರು ಹಾಸಿನ ಟರ್ಫ್‌ಗಳು ತಲೆಯೆತ್ತಿವೆ. ಇಶಾ ನಮಾಝಿನ ಬಳಿಕವೂ ಅಲ್ಲಿ ದೀಪಗಳು ಉರಿಯುತ್ತಿರುತ್ತವೆ. ದುಬೈ, ದಮ್ಮಾಮ್, ಜುಬೈಲ್‌ಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳು ಒಂಬತ್ತು, ಹತ್ತು ವರ್ಷದ ಮಕ್ಕಳನ್ನು ಅಕಾಡೆಮಿಗಳಿಗೆ ಸೇರಿಸುತ್ತಿವೆ. ಇದೆಲ್ಲ ಸಂತೋಷದ ವಿಷಯ. ಮೊಬೈಲ್ ಹಿಡಿದು ಮೂಲೆಯಲ್ಲಿ ಕೂರುವ ಮಗುವಿಗಿಂತ ಬೆವರು ಸುರಿಸಿ ಬರುವ ಮಗು ಮೇಲು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಹಿಂದೆ ಕೊಯ್ಲು ಮುಗಿದ ಗದ್ದೆಯಲ್ಲಿ ಆಡುವಾಗ ಎದುರಾಳಿಯೂ ನೆರೆಮನೆಯ ಹುಡುಗನೇ ಆಗಿರುತ್ತಿದ್ದ. ಅವನು ಬೇಕೆಂದೇ ಒದ್ದರೆ ಸಂಜೆಯೊಳಗೆ ಅವನ ಉಮ್ಮನಿಗೆ ಸುದ್ದಿ ಮುಟ್ಟುತ್ತಿತ್ತು. ಇಂದು ಎದುರಾಳಿಯೆಂದರೆ ಬೇರೆ ಊರಿನ, ಬೇರೆ ಜೆರ್ಸಿಯ, ಹೆಸರೇ ತಿಳಿಯದ ಹುಡುಗ. ಪಂದ್ಯ ಮುಗಿದ ಮೇಲೆ ಆತನನ್ನು ಮತ್ತೆ ಕಾಣುವ ಪ್ರಮೇಯವಿಲ್ಲ. ಅಪರಿಚಿತನನ್ನು ನೋಯಿಸುವುದು ಸುಲಭ. ಅಪರಿಚಿತನ ಬಗ್ಗೆ ಕೆಟ್ಟದ್ದನ್ನು ಊಹಿಸುವುದು ಇನ್ನೂ ಸುಲಭ.

ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ, ಎದುರಾಳಿ ನಿಜವಾಗಿಯೂ ಆಕ್ರಮಣ ಮಾಡಿದನೇ ಎಂಬುದು. ಫುಟ್‌ಬಾಲ್ ಮೈ ತಾಗುವ ಆಟ. ಚೆಂಡಿಗಾಗಿ ಓಡುವ ಇಬ್ಬರು ಹೆಗಲಿಗೆ ಹೆಗಲು ಕೊಟ್ಟು ತಳ್ಳಾಡುವುದಕ್ಕೆ ನಿಯಮವೇ ಅವಕಾಶ ನೀಡಿದೆ. ಆಟದ ಹನ್ನೆರಡನೆಯ ನಿಯಮವು ತಪ್ಪುಗಳನ್ನು ಮೂರು ಮೆಟ್ಟಿಲುಗಳಲ್ಲಿ ಇಡುತ್ತದೆ. ಅಜಾಗರೂಕತೆಯಿಂದ ಕಾಲು ತಾಗಿಸಿದರೆ ಬರೀ ಫ್ರೀ ಕಿಕ್; ಎದುರಾಳಿಗೆ ಅಪಾಯವಾದೀತು ಎಂಬ ಪರಿವೆಯಿಲ್ಲದೆ ನುಗ್ಗಿದರೆ ಹಳದಿ ಕಾರ್ಡ್; ಅತಿಯಾದ ಬಲ ಬಳಸಿ ಎದುರಾಳಿಯ ದೇಹಕ್ಕೆ ಅಪಾಯ ತಂದರೆ ಕೆಂಪು ಕಾರ್ಡ್. ಮೈದಾನದ ಅಂಚಿನಲ್ಲಿ ನಿಂತು ಕೂಗುವ ಹೆಚ್ಚಿನ ತಂದೆಯಂದಿರಿಗೆ ಈ ಮೂರರ ನಡುವಿನ ಅಂತರ ತಿಳಿದಿರುವುದಿಲ್ಲ. ಅವರ ಪಾಲಿಗೆ ಮಗ ನೆಲಕ್ಕೆ ಬಿದ್ದದ್ದೆಲ್ಲ ಫೌಲ್, ಎದುರಾಳಿ ಬಿದ್ದದ್ದೆಲ್ಲ ನಾಟಕ.

ಈ ಕಾರ್ಡ್‌ಗಳು ಆಟದೊಂದಿಗೇ ಹುಟ್ಟಿ ಬಂದವುಗಳಲ್ಲ. 1966ರ ವಿಶ್ವಕಪ್‌ನಲ್ಲಿ ಬಲ್ಗೇರಿಯಾ ಮತ್ತು ಪೋರ್ಚುಗಲ್ ಆಟಗಾರರು ಪೆಲೆಯನ್ನು ಒದ್ದು ಒದ್ದು ಕುಂಟಾಗಿಸಿದರು. ಬದಲಿ ಆಟಗಾರನನ್ನು ಇಳಿಸುವ ಅವಕಾಶವೂ ಆಗ ಇರಲಿಲ್ಲ. ಕಾಲೆಳೆಯುತ್ತಲೇ ಆತ ಪಂದ್ಯ ಮುಗಿಸಬೇಕಾಯಿತು. ಬ್ರೆಜಿಲ್ ಮೊದಲ ಸುತ್ತಿನಲ್ಲೇ ಹೊರಬಿತ್ತು. ಹಳದಿ, ಕೆಂಪು ಕಾರ್ಡ್‌ಗಳು ವಿಶ್ವಕಪ್‌ಗೆ ಬಂದದ್ದು ಅದರ ಮುಂದಿನ ಸಲ, 1970ರಲ್ಲಿ. ಪ್ರತಿಭೆಯುಳ್ಳವನನ್ನು ಒದೆಯಿಂದ ಕಾಪಾಡುವ ಹೊಣೆ ಪ್ರತಿಭೆಯುಳ್ಳವನದ್ದಲ್ಲ, ಆಟವನ್ನು ನಡೆಸುವವರದ್ದು ಎಂಬುದನ್ನು ಈ ಆಟ ಅಷ್ಟು ದೊಡ್ಡ ನಷ್ಟದ ಬಳಿಕ ಕಲಿಯಿತು.

ಮಕ್ಕಳ ವಿಷಯಕ್ಕೆ ಮರಳೋಣ. ಹನ್ನೆರಡರಿಂದ ಹದಿನಾಲ್ಕರ ನಡುವೆ ಹುಡುಗರ ದೇಹ ಬೆಳೆಯುವ ವೇಗ ಒಬ್ಬೊಬ್ಬರದು ಒಂದೊಂದು ರೀತಿ. ಒಂದೇ ತರಗತಿಯಲ್ಲಿ, ಒಂದೇ ತಿಂಗಳಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬನ ಧ್ವನಿಯೂ ಒಡೆದಿರುವುದಿಲ್ಲ. ಅವರಿಬ್ಬರು ಓಡಿ ಬಂದು ಢಿಕ್ಕಿಯಾದರೆ ಬೀಳುವವನು ಯಾರೆಂದು ಹೇಳಬೇಕಾಗಿಲ್ಲ. ಬೀಳಿಸಿದವನು ದುಷ್ಟನೆಂದು ನಾವು ತೀರ್ಮಾನಿಸಿಬಿಡುತ್ತೇವೆ. ಆತ ಮಾಡಿದ ತಪ್ಪು ಬೇಗ ಬೆಳೆದದ್ದು ಮಾತ್ರ. ಹೊಸದಾಗಿ ಉದ್ದವಾದ ಕೈಕಾಲುಗಳು ಆತನದೇ ಹಿಡಿತಕ್ಕೆ ಇನ್ನೂ ಬಂದಿರುವುದಿಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕ್ಲಬ್‌ಗಳ ಅಕಾಡೆಮಿಗಳು ಇದನ್ನು ಮನಗಂಡು, ಹುಟ್ಟಿದ ವರ್ಷದ ಬದಲು ದೇಹದ ಬೆಳವಣಿಗೆಯನ್ನು ನೋಡಿ ತಂಡ ಕಟ್ಟುವ ಪ್ರಯೋಗ ನಡೆಸಿವೆ. ನಮ್ಮ ಊರಿನ ಟೂರ್ನಮೆಂಟ್‌ಗಳಿಂದ ಅಷ್ಟನ್ನು ನಿರೀಕ್ಷಿಸುವಂತಿಲ್ಲ. ಆದರೆ "ಅವನು ದೊಡ್ಡವನು, ಕೆಟ್ಟವನೇನಲ್ಲ" ಎಂದು ಮಗನಿಗೆ ಹೇಳುವುದಕ್ಕೆ ಅಕಾಡೆಮಿಯ ಅಗತ್ಯವಿಲ್ಲ.

ವಯಸ್ಸನ್ನೇ ಮುಚ್ಚಿಟ್ಟು ಆಡಿಸುವುದು ಬೇರೆ ಮಾತು. ಅದು ವಂಚನೆ, ಮತ್ತು ನಮ್ಮ ದೇಶದ ಕಿರಿಯರ ಕ್ರೀಡೆಗೆ ಹಿಡಿದ ಹಳೆಯ ರೋಗ. ಹದಿನಾರರವನನ್ನು ಹದಿಮೂರರವರ ನಡುವೆ ಬಿಟ್ಟಾಗ ಆತ ಏನೂ ಕೆಟ್ಟದ್ದು ಮಾಡದೆಯೇ ಯಾರದ್ದಾದರೂ ಮೂಳೆ ಮುರಿಯಬಹುದು. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ಕಿರಿಯರ ಕೂಟಗಳಿಗೆ ಮಣಿಕಟ್ಟಿನ ಎಕ್ಸ್‌ರೇ ಆಧರಿಸಿದ ಮೂಳೆ ಪರೀಕ್ಷೆಯನ್ನು ಬಳಸುತ್ತದೆ. ಹದಿನೇಳರ ಒಳಗಿನವರ ವಿಶ್ವಕಪ್‌ನಲ್ಲಿ 2009ರಿಂದ ಫಿಫಾ ಎಂ.ಆರ್.ಐ. ಪರೀಕ್ಷೆ ನಡೆಸುತ್ತಿದೆ. ಊರಿನ ಮಟ್ಟದಲ್ಲಿ ಇವೆಲ್ಲ ಇರುವುದಿಲ್ಲ. ಇರುವುದು ಶಾಲಾ ದಾಖಲೆ ಮತ್ತು ಆಧಾರ್ ಮಾತ್ರ. ಸಂಶಯವಿದ್ದರೆ ಪಂದ್ಯಕ್ಕೆ ಮೊದಲು ಸಂಘಟಕರ ಮುಂದೆ ದಾಖಲೆ ಕೇಳಿ. ಸೋತ ಮೇಲೆ ಕೇಳುವ ದಾಖಲೆಗೆ ಬೆಲೆಯಿಲ್ಲ. ಇನ್ನು, ನಮ್ಮದೇ ತಂಡದ ಹುಡುಗನ ದಾಖಲೆ ನಮಗೆ ಚೆನ್ನಾಗಿ ಗೊತ್ತಿದ್ದೂ ಬಾಯಿ ಮುಚ್ಚಿ ಕೂತಿರುವವರಿಗೆ ಎದುರಾಳಿಯ ಒರಟುತನದ ಬಗ್ಗೆ ಮಾತನಾಡುವ ಹಕ್ಕು ಅಷ್ಟಾಗಿ ಉಳಿಯುವುದಿಲ್ಲ.

ಹಾಗಾದರೆ ನಿಜವಾಗಿಯೂ ಒರಟಾಗಿ ಆಡುವ ತಂಡ ಎದುರಿದ್ದಾಗ ಮಗು ಏನು ಮಾಡಬೇಕು? ಇದಕ್ಕೆ ಉತ್ತರ ಧೈರ್ಯದ ಉಪದೇಶದಲ್ಲಿಲ್ಲ, ಕಾಲಿನ ಕಸುಬಿನಲ್ಲಿದೆ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಸಾಹೇಬರನ್ನು ಇಲ್ಲಿ ನೆನೆಯಬೇಕು. ಶಾಲಾ ಶಿಕ್ಷಕರಾಗಿದ್ದ ಅವರು ಭಾರತ ತಂಡದ ಕೋಚ್ ಆಗಿ 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನವನ್ನು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಸೆಮಿಫೈನಲ್ ಸ್ಥಾನವನ್ನು ತಂದುಕೊಟ್ಟರು. ಚೆಂಡನ್ನು ಕಾಲಲ್ಲಿಟ್ಟುಕೊಂಡು ಒಬ್ಬೊಬ್ಬರನ್ನೇ ಏಮಾರಿಸುತ್ತಾ ಸಾಗುವುದೇ ದೊಡ್ಡ ಕಲೆಯೆನಿಸಿದ್ದ ಕಾಲದಲ್ಲಿ ಅವರು ಡ್ರಿಬ್ಲಿಂಗ್‌ಗೆ ಅವಕಾಶವೇ ಇಲ್ಲದ ಟೂರ್ನಮೆಂಟ್‌ಗಳನ್ನು ನಡೆಸಿದರು. ಚೆಂಡು ಬಂದ ಕೂಡಲೇ ಒಂದೆರಡು ಸ್ಪರ್ಶದಲ್ಲಿ ಜೊತೆಗಾರನಿಗೆ ದಾಟಿಸಬೇಕು. ಉದ್ದೇಶ ಆಟದ ವೇಗ ಹೆಚ್ಚಿಸುವುದಾಗಿತ್ತು. ಆದರೆ ಒರಟು ಎದುರಾಳಿಗೂ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಇಲ್ಲದ ಚೆಂಡಿಗೆ ಒದೆಯಲು ಬಂದವನು ಗಾಳಿಗೆ ಒದೆಯುತ್ತಾನೆ. ಅಥವಾ ಎಲ್ಲರ ಕಣ್ಣಿಗೂ ಕಾಣುವ ಹಾಗೆ ಫೌಲ್ ಮಾಡುತ್ತಾನೆ.

ಕಿರಿಯರ ಪಂದ್ಯಗಳನ್ನು ಗಮನವಿಟ್ಟು ನೋಡಿದವರಿಗೆ ತಿಳಿದಿರುತ್ತದೆ: ಹೆಚ್ಚು ಒದೆ ತಿನ್ನುವುದು ಎದುರಾಳಿಗೆ ಬೆನ್ನು ಕೊಟ್ಟು, ಚೆಂಡನ್ನು ಕಾಲಡಿಯಲ್ಲಿ ಬಹಳ ಹೊತ್ತು ಇಟ್ಟುಕೊಳ್ಳುವ ಹುಡುಗ. ಚೆಂಡು ತನ್ನತ್ತ ಬರುವ ಮೊದಲೇ ಒಮ್ಮೆ ಹೆಗಲ ಮೇಲಿಂದ ಹಿಂದೆ ನೋಡುವುದು, ಪೂರ್ತಿ ಬೆನ್ನು ಕೊಡದೆ ಓರೆಯಾಗಿ ನಿಲ್ಲುವುದು, ಮೊದಲ ಸ್ಪರ್ಶದಲ್ಲೇ ಚೆಂಡನ್ನು ಎದುರಾಳಿಯಿಂದ ದೂರದ ಬದಿಗೆ ಸರಿಸುವುದು - ಇವು ಹತ್ತು ವರ್ಷದ ಮಗುವೂ ಕಲಿಯಬಹುದಾದ ಅಭ್ಯಾಸಗಳು. ಇನ್ನೊಂದಿದೆ. ಹೆದರಿಕೆಯಿಂದ ಅರ್ಧ ಮನಸ್ಸಿನಲ್ಲಿ ಕಾಲು ಚಾಚುವವನಿಗೇ ಹೆಚ್ಚು ಪೆಟ್ಟಾಗುವುದೆಂದು ಅನುಭವಿ ಕೋಚ್‌ಗಳು ಹೇಳುತ್ತಾರೆ. ಚೆಂಡಿಗೆ ಹೋಗುವುದಾದರೆ ಪೂರ್ತಿ ಹೋಗಬೇಕು, ಇಲ್ಲವಾದರೆ ಹಿಂದೆ ಸರಿದು ದಾರಿ ಮುಚ್ಚಿ ನಿಲ್ಲಬೇಕು. ಈ ಎರಡನೆಯದು ಹೇಡಿತನವಲ್ಲ, ಅದೂ ಆಟವೇ. ಜೊತೆಗೆ ಶಿನ್ ಗಾರ್ಡ್. ನಿಯಮದ ಪ್ರಕಾರ ಅದು ಕಡ್ಡಾಯ. ಆದರೆ ದೊಡ್ಡ ಆಟಗಾರರನ್ನು ಅನುಕರಿಸಿ ಬಿಸ್ಕತ್ತಿನಷ್ಟು ಅಗಲದ ಪಟ್ಟಿಯನ್ನು ಕಾಲುಚೀಲದೊಳಗೆ ತುರುಕುವುದು ಮಕ್ಕಳಲ್ಲಿ ಈಗ ಫ್ಯಾಷನ್. ಎರಡು ಸಾವಿರದ ಬೂಟು ಕೊಡಿಸುವ ತಂದೆ ಮುನ್ನೂರರ ಶಿನ್ ಗಾರ್ಡ್‌ನ ಅಳತೆ ನೋಡದಿರುವುದು ವಿಚಿತ್ರ.

ರಹೀಮ್ ಸಾಹೇಬರ ಕಥೆಯಲ್ಲಿ ಇನ್ನೊಂದು ಪಾಠವೂ ಇದೆ. 1962ರ ಜಕಾರ್ತ ಏಷ್ಯನ್ ಗೇಮ್ಸ್‌ಗೆ ಇಸ್ರೇಲ್ ಮತ್ತು ತೈವಾನ್ ತಂಡಗಳನ್ನು ಬಿಟ್ಟುಕೊಳ್ಳದಿರುವುದನ್ನು ಭಾರತದ ಕ್ರೀಡಾಧಿಕಾರಿ ಜಿ.ಡಿ. ಸೋಂಧಿ ಟೀಕಿಸಿದ್ದರು. ಅದರ ಸಿಟ್ಟು ತಿರುಗಿದ್ದು ಭಾರತದ ಆಟಗಾರರ ಮೇಲೆ. ಫೈನಲ್ ಪಂದ್ಯದಲ್ಲಿ ಕಿಕ್ಕಿರಿದ ಕ್ರೀಡಾಂಗಣ ನಮ್ಮವರನ್ನು ಉದ್ದಕ್ಕೂ ಹೀಯಾಳಿಸಿತು. ಎದುರಾಳಿ ದಕ್ಷಿಣ ಕೊರಿಯಾ. ಗುಂಪಿನ ಪಂದ್ಯದಲ್ಲಿ ಅದೇ ತಂಡ ಭಾರತವನ್ನು 2-0ರಿಂದ ಸೋಲಿಸಿತ್ತು. ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದರು. ರಹೀಮ್ ಅವರನ್ನು ಮುಂಪಡೆಯಲ್ಲಿ ಆಡಿಸಿದರು. ಪಿ.ಕೆ. ಬ್ಯಾನರ್ಜಿ ಒಂದು ಗೋಲು, ಜರ್ನೈಲ್ ಒಂದು ಗೋಲು. ಭಾರತ 2-1ರಿಂದ ಗೆದ್ದಿತು. ಆ ಇಡೀ ಕ್ರೀಡಾಂಗಣಕ್ಕೆ ನಮ್ಮ ಹುಡುಗರು ಕೊಟ್ಟ ಉತ್ತರ ಆ ಎರಡು ಗೋಲುಗಳು. ಮರುವರ್ಷವೇ ರಹೀಮ್ ಕ್ಯಾನ್ಸರ್‌ನಿಂದ ತೀರಿಕೊಂಡರು. ನಮ್ಮ ಮಕ್ಕಳಿಗೆ ಮೆಸ್ಸಿ, ರೊನಾಲ್ಡೊರ ಜಾತಕವೇ ಗೊತ್ತು, ರಹೀಮ್ ಸಾಹೇಬರ ಹೆಸರು ಗೊತ್ತಿಲ್ಲ. ಈ ಕೊರತೆಯನ್ನು ಮನೆಯಲ್ಲಿಯೇ ತುಂಬಬಹುದು.

ಈಗ ಕಠಿಣವಾದ ಭಾಗ. ಪೆಟ್ಟು ಬಿದ್ದಾಗಿದೆ, ಉರಿಯುತ್ತಿದೆ, ಒದ್ದವನು ನಗುತ್ತಿದ್ದಾನೆ. ಆ ಐದು ಸೆಕೆಂಡುಗಳಲ್ಲಿ ಏನಾಗಬೇಕು? ಕುಸ್ತಿಯಲ್ಲಿ ಎದುರಾಳಿಯನ್ನು ಕೆಡವುವವನಲ್ಲ, ಕೋಪ ಬಂದಾಗ ತನ್ನನ್ನು ತಾನು ಹಿಡಿದಿಟ್ಟುಕೊಳ್ಳುವವನೇ ಬಲಶಾಲಿ ಎಂಬ ಅರ್ಥದ ಪ್ರವಾದಿ(ಸ) ವಚನವನ್ನು ನಮ್ಮ ಮಕ್ಕಳು ಮದ್ರಸದಲ್ಲಿ ಬಾಯಿಪಾಠ ಮಾಡಿರುತ್ತಾರೆ. ಅದು ಪರೀಕ್ಷೆಗೆ ಒಳಗಾಗುವುದು ಮದ್ರಸದ ಬೆಂಚಿನಲ್ಲಲ್ಲ, ಇಲ್ಲಿ. ಗಮನಿಸಿ, ಆ ವಚನದ ಹೋಲಿಕೆ ಕ್ರೀಡೆಯಿಂದಲೇ ಬಂದಿದೆ. ಬಲವನ್ನು ಅದು ನಿರಾಕರಿಸುವುದಿಲ್ಲ. ಬಲದ ಅಳತೆಗೋಲನ್ನು ಬದಲಾಯಿಸುತ್ತದೆ.

ಆದರೆ ಕೋಪ ಮಾಡಬೇಡ ಎಂದಷ್ಟೇ ಹೇಳಿದರೆ ಮಗುವಿಗೆ ಕೈಗೆ ಏನೂ ಸಿಗುವುದಿಲ್ಲ. ಮಾಡಲು ಏನಾದರೂ ಕೊಡಬೇಕು. ಎದ್ದೇಳು, ಒದ್ದವನ ಮುಖ ನೋಡಬೇಡ, ಚೆಂಡನ್ನು ಎತ್ತಿಕೊಂಡು ಫ್ರೀ ಕಿಕ್‌ನ ಜಾಗದಲ್ಲಿಡು, ನಿನ್ನ ಸ್ಥಾನಕ್ಕೆ ನಡೆ, ಎರಡು ಸಲ ಆಳವಾಗಿ ಉಸಿರೆಳೆ. ಇದನ್ನು ಅಭ್ಯಾಸದ ದಿನಗಳಲ್ಲೇ ಮಾಡಿಸಬೇಕು. ಪೆನಾಲ್ಟಿಯನ್ನು ಅಭ್ಯಾಸ ಮಾಡಿಸುವ ಹಾಗೆ. ಜೊತೆಗೆ ಲೋಕಜ್ಞಾನದ ಒಂದು ಮಾತನ್ನೂ ಹೇಳಿಕೊಡಬೇಕು. ಮೊದಲು ಒದ್ದವನನ್ನು ರೆಫರಿ ನೋಡದಿರಬಹುದು, ತಿರುಗಿ ಒದ್ದವನನ್ನು ಖಂಡಿತ ನೋಡುತ್ತಾನೆ. ಮೊದಲ ಪೆಟ್ಟಿನ ಸದ್ದಿಗೆ ತಾನೇ ಆತ ಅತ್ತ ತಿರುಗುವುದು! 1982ರ ವಿಶ್ವಕಪ್‌ನಲ್ಲಿ ಇಟಲಿಯ ಜೆಂಟೈಲ್ ಇಡೀ ಪಂದ್ಯ ಮರಡೋನಾನನ್ನು ಎಳೆದು, ಒದ್ದು, ತಡೆದು ಕಾಡಿದ. ಪಂದ್ಯದಿಂದ ಹೊರಹೋಗದೆ ಉಳಿದ. ಮೂರೇ ದಿನಗಳ ಬಳಿಕ ಬ್ರೆಜಿಲ್ ವಿರುದ್ಧ ಸೋಲುತ್ತಿದ್ದಾಗ ಸಹನೆ ಕಳೆದುಕೊಂಡು ಬಟಿಸ್ಟಾನನ್ನು ಒದ್ದ ಮರಡೋನಾಗೆ ಕೆಂಪು ಕಾರ್ಡ್ ಸಿಕ್ಕಿತು.

ನಮ್ಮ ಮನೆಗಳಲ್ಲಿ ಹೆಚ್ಚು ಚರ್ಚೆಯಾದದ್ದು ಝೈನುದ್ದೀನ್ ಝೈದಾನ್‌ರ ವಿಷಯ. 2006ರ ಜುಲೈ 9ರಂದು ಬರ್ಲಿನ್‌ನಲ್ಲಿ, ತನ್ನ ವೃತ್ತಿಜೀವನದ ಕೊನೆಯ ಪಂದ್ಯದ ಹೆಚ್ಚುವರಿ ಸಮಯದಲ್ಲಿ, ಇಟಲಿಯ ಮಟೆರಾಝಿಯ ಎದೆಗೆ ತಲೆಯಿಂದ ಗುದ್ದಿ ಅವರು ಹೊರನಡೆದರು. ಮಟೆರಾಝಿ ಆಡಿದ್ದು ಝೈದಾನ್‌ರ ಸಹೋದರಿಯ ಬಗೆಗಿನ ಕೀಳು ಮಾತು. "ಮನೆಯ ಹೆಣ್ಣುಮಕ್ಕಳ ಬಗ್ಗೆ ಮಾತನಾಡಿದರೆ ಯಾರು ತಾನೇ ಸುಮ್ಮನಿರುತ್ತಾರೆ?" ಎಂದು ಇಂದಿಗೂ ಸಮರ್ಥಿಸುವವರಿದ್ದಾರೆ. ಆ ನೋವು ನಮಗೆ ಅರ್ಥವಾಗುತ್ತದೆ. ಆದರೆ ಏನಾಯಿತೆಂಬುದನ್ನೂ ನೋಡಬೇಕು. 1-1ರಲ್ಲಿ ಮುಗಿದ ಪಂದ್ಯ ಪೆನಾಲ್ಟಿಗೆ ಹೋಯಿತು. ಅದೇ ಪಂದ್ಯದಲ್ಲಿ ಪೆನಾಲ್ಟಿ ಗೋಲು ಹೊಡೆದಿದ್ದ ನಾಯಕನಿಲ್ಲದೆ ಫ್ರಾನ್ಸ್ 5-3ರಿಂದ ಸೋತಿತು. ವಿಚಾರಣೆ ನಡೆಸಿದ ಫಿಫಾ ಕೆಣಕಿದವನಿಗೆ ಎರಡು ಪಂದ್ಯಗಳ, ಗುದ್ದಿದವರಿಗೆ ಮೂರು ಪಂದ್ಯಗಳ ನಿಷೇಧ ವಿಧಿಸಿತು. ಅಂದರೆ ನಿಂದಿಸಿದವನೂ ತಪ್ಪಿತಸ್ಥನೇ ಎಂಬ ತೀರ್ಪು ಬಂತು. ಆದರೆ ಕೈಯಲ್ಲಿರಬೇಕಾಗಿದ್ದ ಕಪ್ ಆ ತೀರ್ಪಿನಿಂದ ಮರಳಿ ಬರಲಿಲ್ಲ. ಅದೇ ಕೂಟದ ಶ್ರೇಷ್ಠ ಆಟಗಾರನೆಂಬ ಗೌರವ ಝೈದಾನ್‌ಗೆ ಸಿಕ್ಕಿತ್ತು. ಜಗತ್ತು ನೆನಪಿಟ್ಟುಕೊಂಡದ್ದು ಆ ಗುದ್ದನ್ನು.

"ಅನ್ಯಾಯಕ್ಕೆ ಸಮನಾದ ಪ್ರತೀಕಾರಕ್ಕೆ ಅನುಮತಿಯಿದೆಯಲ್ಲವೇ?" ಎಂದು ಕೇಳುವವರೂ ಇದ್ದಾರೆ. ಇದೆ, ಕ್ಷಮಿಸುವುದನ್ನು ಅದಕ್ಕಿಂತ ಮೇಲಿಡಲಾಗಿದೆ ಎಂಬುದೂ ಅವರಿಗೆ ಗೊತ್ತಿರಬೇಕು. ಅದಿರಲಿ, ಪ್ರತೀಕಾರದ ಅಳತೆಯನ್ನು ನಿರ್ಧರಿಸುವ ಕೆಲಸ ನ್ಯಾಯಾಧೀಶನದ್ದೇ ಹೊರತು ಪೆಟ್ಟು ತಿಂದವನದ್ದಲ್ಲ. ಮೈದಾನದಲ್ಲಿ ಆ ಸ್ಥಾನ ಶಿಳ್ಳೆ ಹಿಡಿದವನಿಗಿದೆ. ಆಟಕ್ಕೆ ಇಳಿಯುವಾಗಲೇ ಎರಡೂ ತಂಡಗಳು ಅದನ್ನು ಒಪ್ಪಿಕೊಂಡಿರುತ್ತವೆ.

ಕರಾವಳಿಯ ಇಂದಿನ ಸ್ಥಿತಿಯಲ್ಲಿ ಇದಕ್ಕೊಂದು ಬೇರೆಯೇ ಮಗ್ಗುಲಿದೆ. ಅದನ್ನು ಮರೆಮಾಚಿ ಬರೆಯುವುದು ಪ್ರಾಮಾಣಿಕತೆಯಲ್ಲ. ಎದುರಾಳಿ ತಂಡ ಬೇರೆ ಧರ್ಮದವರದ್ದಾದಾಗ ಒಂದು ಟ್ಯಾಕಲ್ ಬರೀ ಟ್ಯಾಕಲ್ ಆಗಿ ಉಳಿಯುವುದಿಲ್ಲ. ಎಂಟನೆಯ ನಂಬರಿನ ಹುಡುಗ ಮಾಡಿದ ಫೌಲ್ "ಅವರು" ಮಾಡಿದ ಫೌಲ್ ಆಗುತ್ತದೆ. ಯಾರೋ ಮೊಬೈಲಿನಲ್ಲಿ ಹಿಡಿದ ಹತ್ತು ಸೆಕೆಂಡಿನ ತುಣುಕು, ಅದರ ಹಿಂದುಮುಂದಿನ ಆಟವಿಲ್ಲದೆ, ರಾತ್ರಿಯೊಳಗೆ ನಾಲ್ಕು ವಾಟ್ಸಾಪ್ ಗುಂಪುಗಳಲ್ಲಿ ಸುತ್ತಾಡಿದರೆ ಹದಿಮೂರರ ಹುಡುಗನ ಕಾಲುನೋವು ಊರಿನ ತಲೆನೋವಾಗಲು ಹೆಚ್ಚು ಹೊತ್ತು ಬೇಕಿಲ್ಲ. ಆದ್ದರಿಂದ ಮನೆಗೆ ಬಂದ ಮಗನೊಂದಿಗೆ ಮಾತನಾಡುವಾಗ ಯಾರು ಒದ್ದದ್ದು ಎಂಬ ಪ್ರಶ್ನೆಗೆ ಉತ್ತರವಾಗಿ ಜೆರ್ಸಿಯ ನಂಬರನ್ನು ಕೇಳಿ; ಹೆಸರಿನಿಂದ ಧರ್ಮವನ್ನು ಊಹಿಸುವ ಪಾಠ ನಮ್ಮ ಊಟದ ಹಾಸಿನಲ್ಲಿ ನಡೆಯದಿರಲಿ. ಒಂದು ಜನತೆಯ ಮೇಲಿನ ದ್ವೇಷ ನಿಮ್ಮನ್ನು ನ್ಯಾಯ ಬಿಟ್ಟು ನಡೆಯುವಂತೆ ಮಾಡದಿರಲಿ ಎಂಬ ಕುರ್‌ಆನಿನ ಎಚ್ಚರಿಕೆ ಅನ್ವಯವಾಗುವುದು ದೊಡ್ಡ ರಾಜಕೀಯಕ್ಕೆ ಮಾತ್ರವಲ್ಲ.

ಎದುರಾಳಿ ಧರ್ಮವನ್ನೇ ಹಿಡಿದು ಬೈದರೆ? "ಪಾಕಿಸ್ತಾನಕ್ಕೆ ಹೋಗು" ಎಂಬ ಮಾತು ಮಕ್ಕಳ ಬಾಯಿಗೂ ಇಳಿದಿರುವುದು ಎಲ್ಲರಿಗೂ ತಿಳಿದದ್ದೇ. ಇದನ್ನು ನುಂಗಿಕೊಳ್ಳಬೇಕೆಂದು ಯಾರೂ ಹೇಳಬಾರದು. ನಿಂದನೆಯ ಮಾತು ನಿಯಮದ ಪ್ರಕಾರ ಕೆಂಪು ಕಾರ್ಡ್‌ಗೆ ಅರ್ಹವಾದ ಅಪರಾಧ. ಜನಾಂಗನಿಂದನೆಗೆ ಗುರಿಯಾದ ಆಟಗಾರ ಎರಡು ಮಣಿಕಟ್ಟುಗಳನ್ನು ಅಡ್ಡಲಾಗಿ ಹಿಡಿದು ರೆಫರಿಗೆ ಸೂಚಿಸುವ ಕ್ರಮವನ್ನು ಫಿಫಾ 2024ರಲ್ಲಿ ಜಾರಿಗೆ ತಂದಿತು. ಊರಿನ ಪಂದ್ಯದಲ್ಲಿ ಆ ಸಂಜ್ಞೆ ಯಾರಿಗೂ ಅರ್ಥವಾಗದಿರಬಹುದು. ಹುಡುಗ ನಾಯಕನಿಗೆ ಹೇಳಲಿ, ನಾಯಕ ರೆಫರಿಗೆ ಹೇಳಲಿ. ಪಂದ್ಯದ ಬಳಿಕ ಹಿರಿಯರು ನಂಬರ್, ಸಮಯ, ಆಡಿದ ಮಾತು ಇಷ್ಟನ್ನು ಕಾಗದದಲ್ಲಿ ಬರೆದು ಸಂಘಟಕರಿಗೆ ಕೊಡಲಿ. ಉತ್ತರ ಬರುವವರೆಗೆ ಬೆನ್ನು ಬಿಡದಿರಲಿ. ಹಾಗೆಯೇ ನಮ್ಮ ಹುಡುಗರು ಎದುರಾಳಿಯ ಬಣ್ಣ, ಜಾತಿ, ಭಾಷೆ ಹಿಡಿದು ಆಡುವ ಮಾತುಗಳಿಗೂ ಅದೇ ಕಾಗದ ಅನ್ವಯವಾಗಲಿ.

ರೆಫರಿಯೇ ನೋಡದಿದ್ದರೆ, ನೋಡಿಯೂ ಸುಮ್ಮನಿದ್ದರೆ ಏನು ಮಾಡುವುದು? ಇದಕ್ಕೆ ಸಮಾಧಾನಕರವಾದ ಉತ್ತರವಿಲ್ಲ. ಊರಿನ ಪಂದ್ಯಗಳಲ್ಲಿ ಶಿಳ್ಳೆ ಹಿಡಿಯುವವರು ಹೆಚ್ಚಾಗಿ ಒಬ್ಬ ದೈಹಿಕ ಶಿಕ್ಷಕರು ಅಥವಾ ಇಪ್ಪತ್ತರ ಹರೆಯದ ಹಳೆಯ ಆಟಗಾರ. ಬಿಸಿಲಿನಲ್ಲಿ ದಿನಕ್ಕೆ ನಾಲ್ಕೈದು ಪಂದ್ಯ ಓಡಿ ದಣಿದವರು. ಅವರ ಕಣ್ಣು ತಪ್ಪುತ್ತದೆ. ಅಲ್ಲಿಗೆ ಮಗುವಿನ ಕರ್ತವ್ಯ ಮುಗಿದು ಹಿರಿಯರದ್ದು ಆರಂಭವಾಗುತ್ತದೆ. ಕೋಚ್ ಮಧ್ಯಂತರದಲ್ಲಿ ರೆಫರಿಯ ಬಳಿ ಮೆಲುದನಿಯಲ್ಲಿ ಮಾತನಾಡಬಹುದು. ಎದುರಾಳಿ ತಂಡದ ಕೋಚ್ ಬಳಿಯೂ ಮಾತನಾಡಬಹುದು, ಆತನೂ ಮಕ್ಕಳನ್ನು ಮನೆಗೆ ಕ್ಷೇಮವಾಗಿ ಮುಟ್ಟಿಸಬೇಕಾದವನೇ. ಒದೆ ತಿನ್ನುತ್ತಿರುವ ಹುಡುಗನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಬಹುದು ಅಥವಾ ಬೇರೆ ಬದಿಗೆ ಸರಿಸಬಹುದು. ಏನೂ ಫಲಿಸದಿದ್ದರೆ ತಂಡವನ್ನು ಮೈದಾನದಿಂದ ಹಿಂದಕ್ಕೆ ಕರೆಯುವುದೂ ಒಂದು ದಾರಿಯೇ. ಸೋಲೆಂದು ಬರೆಯುತ್ತಾರೆ, ಬರೆಯಲಿ. ಹದಿನಾಲ್ಕರ ಒಳಗಿನವರ ಟ್ರೋಫಿಗಾಗಿ ಒಂದು ಮಗುವಿನ ಮೊಣಕಾಲನ್ನು ಪಣಕ್ಕಿಡುವ ಕೋಚ್‌ಗೆ ನಮ್ಮ ಮಕ್ಕಳನ್ನು ಒಪ್ಪಿಸಬಾರದು.

ತಲೆಗೆ ಪೆಟ್ಟಾದಾಗ ಮಾತ್ರ ಚರ್ಚೆಗೇ ಆಸ್ಪದವಿಲ್ಲ. ಮೊಣಕೈ ತಾಗಿಯೋ, ತಲೆಗೆ ತಲೆ ಬಡಿದೋ ಬಿದ್ದ ಹುಡುಗ ತಲೆನೋವು, ತಲೆಸುತ್ತು, ವಾಕರಿಕೆ ಎಂದರೆ, ಕಣ್ಣು ಮಂಜಾಗಿದೆ ಎಂದರೆ, ಸ್ಕೋರ್ ಎಷ್ಟೆಂದು ಕೇಳಿದಾಗ ತಡವರಿಸಿದರೆ ಆತ ಹೊರಗೆ ಬರಲೇಬೇಕು. ಆ ದಿನ ಮತ್ತೆ ಆಡಬಾರದು. ವೈದ್ಯರಿಗೆ ತೋರಿಸಬೇಕು. ಮುಖಕ್ಕೆ ನೀರು ಚಿಮುಕಿಸಿ, ಬೆನ್ನು ತಟ್ಟಿ, "ಗಂಡು ಹುಡುಗ, ಏನೂ ಆಗಿಲ್ಲ" ಎಂದು ಮತ್ತೆ ಒಳಗೆ ಕಳುಹಿಸುವ ನಮ್ಮ ಪದ್ಧತಿ ಅಪಾಯಕಾರಿ. ಮೊದಲ ಪೆಟ್ಟಿನಿಂದ ಮೆದುಳು ಚೇತರಿಸಿಕೊಳ್ಳುವ ಮೊದಲೇ ಬೀಳುವ ಎರಡನೆಯ ಪೆಟ್ಟು ಪ್ರಾಣಕ್ಕೇ ಮುಳುವಾಗಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಅಂಚಿನಲ್ಲಿ ನಿಂತವರ ಬಗ್ಗೆ ಎರಡು ಮಾತು ಹೇಳದಿದ್ದರೆ ಅನ್ಯಾಯವಾದೀತು. "ಹೊಡಿ ಅವನಿಗೆ!", "ಕಾಲು ಮುರಿ!" ಎಂಬ ಕೂಗು ಮಕ್ಕಳ ಬಾಯಿಂದ ಮೊದಲು ಬರುವುದಿಲ್ಲ. ಅದು ಬರುವುದು ಗೆರೆಯ ಹೊರಗಿನಿಂದ. ವಾರಪೂರ್ತಿ ಗಂಭೀರವಾಗಿರುವ, ಮಸೀದಿಯ ಮೊದಲ ಸಾಲಿನಲ್ಲಿ ನಿಲ್ಲುವ ಮನುಷ್ಯ ಮಗನ ಪಂದ್ಯದಲ್ಲಿ ಬೇರೆಯೇ ಆಗಿಬಿಡುವುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಈ ಕಾಯಿಲೆ ನಮ್ಮಲ್ಲಿ ಮಾತ್ರ ಇದೆಯೆಂದಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 2023ರ ಅಕ್ಟೋಬರ್‌ನಲ್ಲಿ ಮಕ್ಕಳ ಪಂದ್ಯಗಳಿಗೆ ಒಂದು ವಾರಾಂತ್ಯವನ್ನು ಮೌನದ ವಾರಾಂತ್ಯವೆಂದು ಆಚರಿಸಿತು. ಹೆತ್ತವರು ಚಪ್ಪಾಳೆ ತಟ್ಟಬಹುದು, ಕೂಗುವಂತಿಲ್ಲ. ನಮ್ಮ ಊರಿನಲ್ಲಿ ಒಂದೇ ಒಂದು ಪಂದ್ಯಕ್ಕೆ ಇದನ್ನು ಪ್ರಯತ್ನಿಸಿದರೂ ಮಕ್ಕಳು ಎಷ್ಟು ಬೇರೆಯಾಗಿ ಆಡುತ್ತಾರೆಂಬುದು ಕಂಡೀತು.

ಎದುರಾಳಿಯ ಬಗ್ಗೆ ಇಷ್ಟು ಮಾತನಾಡಿದ ಮೇಲೂ ಒಂದು ಸಾಧ್ಯತೆ ಉಳಿದೇ ಇದೆ. ಆ ಒರಟು ಎದುರಾಳಿ ನಮ್ಮದೇ ಮಗನಾಗಿರಬಹುದು. ಬೇರೊಂದು ಮನೆಯಲ್ಲಿ, ಬೇರೊಬ್ಬ ತಾಯಿ ನೀಲಿಗಟ್ಟಿದ ಕಾಲಿಗೆ ಎಣ್ಣೆ ಹಚ್ಚುತ್ತಾ ನಮ್ಮ ಹುಡುಗನ ನಂಬರನ್ನು ಕೇಳುತ್ತಿರಬಹುದು. ನಿಮ್ಮ ಸಹೋದರ ಅಕ್ರಮಿಯಾಗಿದ್ದರೂ ಅಕ್ರಮಕ್ಕೊಳಗಾದವನಾಗಿದ್ದರೂ ಆತನಿಗೆ ಸಹಾಯ ಮಾಡಿರಿ ಎಂದು ಪ್ರವಾದಿ(ಸ) ಹೇಳಿದಾಗ, ಅಕ್ರಮಿಗೆ ಹೇಗೆ ಸಹಾಯ ಮಾಡುವುದೆಂದು ಅನುಚರರು ಕೇಳಿದ್ದರು. ಆತನನ್ನು ಅಕ್ರಮದಿಂದ ತಡೆಯುವುದೇ ಸಹಾಯ ಎಂಬುದಾಗಿತ್ತು ಉತ್ತರ. ಮಗನ ಒರಟುತನವನ್ನು ನೆಂಟರ ಮುಂದೆ "ಇವನು ಯಾರಿಗೂ ಬಗ್ಗುವವನಲ್ಲ" ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ತಂದೆ ಆ ಸಹಾಯವನ್ನು ಮಗನಿಗೆ ನಿರಾಕರಿಸುತ್ತಿದ್ದಾನೆ. ಮಗ ಯಾರನ್ನಾದರೂ ಬೀಳಿಸಿದರೆ ಕೈಕೊಟ್ಟು ಎಬ್ಬಿಸಿದನೇ ಎಂದು ಕೇಳಿ. ಎಷ್ಟು ಗೋಲು ಹೊಡೆದೆ ಎಂಬುದನ್ನು ಅದರ ನಂತರ ಕೇಳಬಹುದು.

ಕೊನೆಗೆ ನಮ್ಮ ಯುವಕ ಸಂಘಗಳಿಗೆ, ಕ್ಲಬ್‌ಗಳಿಗೆ ಒಂದು ಸಲಹೆ. ಹದಿನಾಲ್ಕರ ಒಳಗಿನವರ ಟೂರ್ನಮೆಂಟ್‌ಗಳಲ್ಲಿ ನಗದು ಬಹುಮಾನ ಇಡುವುದನ್ನು ಬಿಡಿ. ಹಣ ಬಂದ ಕಡೆ ವಯಸ್ಸು ಮುಚ್ಚಿಟ್ಟವರೂ ಬರುತ್ತಾರೆ, ಬಾಡಿಗೆ ಆಟಗಾರರೂ ಬರುತ್ತಾರೆ, ಒದೆಯೂ ಬರುತ್ತದೆ. ಅದರ ಬದಲು 2018ರ ವಿಶ್ವಕಪ್‌ನಿಂದ ಒಂದು ನಿಯಮವನ್ನು ಎರವಲು ಪಡೆಯಿರಿ. ಅಲ್ಲಿ ಜಪಾನ್ ಮತ್ತು ಸೆನೆಗಲ್ ತಂಡಗಳು ಅಂಕ, ಗೋಲು, ಪರಸ್ಪರ ಫಲಿತಾಂಶ ಎಲ್ಲದರಲ್ಲೂ ಸಮನಾಗಿದ್ದವು. ಜಪಾನ್‌ಗೆ ಸಿಕ್ಕಿದ್ದು ನಾಲ್ಕು ಹಳದಿ ಕಾರ್ಡ್, ಸೆನೆಗಲ್‌ಗೆ ಆರು. ಮುಂದಿನ ಸುತ್ತಿಗೆ ಹೋದದ್ದು ಜಪಾನ್. ಗುಂಪಿನ ಹಂತದಲ್ಲಿ ಎರಡು ತಂಡಗಳ ಅಂಕ ಸಮನಾದರೆ ಗೋಲಿನ ಅಂತರಕ್ಕೂ ಮೊದಲು ಕಾರ್ಡ್‌ಗಳ ಲೆಕ್ಕ ನೋಡಲಾಗುವುದೆಂದು ನಮ್ಮ ನಿಯಮಾವಳಿಯಲ್ಲಿ ಒಂದು ಸಾಲು ಸೇರಿಸಿ, ಪಂದ್ಯ ಆರಂಭವಾಗುವ ಮೊದಲು ಮೈಕಿನಲ್ಲಿ ಅದನ್ನು ಗಟ್ಟಿಯಾಗಿ ಓದಿ. "ಹೊಡಿ ಅವನಿಗೆ" ಎಂದು ಕೂಗಲು ಬಾಯಿ ತೆರೆದ ತಂದೆಯನ್ನು ಪಕ್ಕದಲ್ಲಿ ನಿಂತ ನಮ್ಮವರೇ ತೋಳು ಹಿಡಿದು ಸುಮ್ಮನಾಗಿಸುತ್ತಾರೆ.